ಬುರುಡೆಗೊಂದು ಮುಚ್ಚಳ

ತಲೆಬುರುಡೆ ತೆರೆಯೋದನ್ನ ಮನುಷ್ಯ ಸಾವಿರಾರು ವರ್ಷಗಳ ಹಿಂದೆಯೇ ಕಲಿತ. ಸರಿಯಾಗಿ ಮುಚ್ಚೋದು ಕಲಿಯೋಕೆ ಬಹಳ ಕಾಲ ಹಿಡೀತು.

ಪೆರುವಿನಲ್ಲಿ ತೂತು ಕೊರೆದ ನೂರಾರು ಹಳೇ ಬುರುಡೆಗಳು ಸಿಕ್ಕಿವೆ. ತೂತಿನ ಅಂಚು ನುಣುಪಾಗಿದ್ದರೆ ಮೂಳೆ ಮಾಗಿದೆ, ಆಸಾಮಿ ಬದುಕಿದ್ದ ಅಂತ ಲೆಕ್ಕ. 2018ರ ಒಂದು ಅಧ್ಯಯನದ ಪ್ರಕಾರ ಇಂಕಾ ಕಾಲದಲ್ಲಿ ಹಾಗೆ ಬದುಕಿದವರು ಶೇ. 75ರಿಂದ 83. ಅದೇ 1861–65ರ ಅಮೆರಿಕದ ಅಂತರ್ಯುದ್ಧದಲ್ಲಿ ಬುರುಡೆ ಕೊರೆಸಿಕೊಂಡವರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಸತ್ತರು. ಗುಂಡಿನ ಗಾಯ ಬೇರೆ ಥರದ್ದು, ನಿಜ. ಆದರೆ ಆಗಿನ ಸರ್ಜನ್‌ಗಳು ಕೈ ತೊಳೆಯದೆ ಗಾಯದೊಳಗೆ ಬೆರಳು ಹಾಕ್ತಿದ್ದರು ಅನ್ನೋದೂ ಅಷ್ಟೇ ನಿಜ.

ಮುಚ್ಚೋದರ ಕತೆ ಇನ್ನೂ ವಿಚಿತ್ರ. ಆಮ್ಸ್ಟರ್‌ಡ್ಯಾಮಿನ ಸರ್ಜನ್ ಯೋಬ್ ವಾನ್ ಮೇಕೆರೆನ್ ಅವರ ಪುಸ್ತಕ 1668ರಲ್ಲಿ ಅಚ್ಚಾಯ್ತು. ಅದರಲ್ಲೊಬ್ಬ ರಷ್ಯನ್ ಶ್ರೀಮಂತ ಬರ್ತಾನೆ. ಕತ್ತಿಯೇಟಿಗೆ ಒಡೆದ ಅವನ ಬುರುಡೆಗೆ ನಾಯಿಯ ಮೂಳೆ ಕೂರಿಸ್ತಾರೆ. ಗಾಯ ವಾಸಿಯಾಗುತ್ತೆ, ಆದರೆ ಚರ್ಚು ಬಹಿಷ್ಕಾರ ಹಾಕುತ್ತೆ. ಪಾಪ, ಆ ಮೂಳೆ ತೆಗೆದುಬಿಡಿ ಅಂತ ಅವನೇ ಕೇಳಬೇಕಾಗುತ್ತೆ. ಊರಿನ ಪಂಚಾಯ್ತಿ ನೋಡಿ ಬೆಳೆದ ನನಗೆ ಇದೇನೂ ದೂರದ ಕತೆ ಅನ್ನಿಸಲಿಲ್ಲ.

ಪೆಟ್ಟು ಬಿದ್ದ ಮೆದುಳು ಊದಿಕೊಳ್ಳುತ್ತೆ, ಬುರುಡೆ ಹಿಗ್ಗೋದಿಲ್ಲ. ಹಾಗಾಗಿ ಮೂಳೆಯ ಒಂದು ಭಾಗ ತೆಗೆದು ಜಾಗ ಮಾಡಿಕೊಡಿ ಅಂತ 1901ರಲ್ಲೇ ಸ್ವಿಸ್ ಸರ್ಜನ್ ಥಿಯೊಡರ್ ಕೋಚರ್ ವಾದಿಸಿದ್ದರು. ತೆಗೆದದ್ದನ್ನ ಎಲ್ಲಿಡೋದು? ಫ್ರೀಜರ್‌ನಲ್ಲಿ, ಇಲ್ಲವೇ ಪೇಷಂಟಿನ ಹೊಟ್ಟೆಯ ಚರ್ಮದಡಿಯಲ್ಲೇ! ಬ್ಯಾಕಪ್ ಅದೇ ಮಷೀನಿನಲ್ಲಿ. ಬೈಕಿನಿಂದ ಬಿದ್ದ ನಮ್ಮ ಸೋದರಮಾವನಿಗೂ ಹಾಗೇ ಮಾಡಿದ್ದರು. ತಪ್ಪನ್ನ ಹೊಟ್ಟೆಗೆ ಹಾಕ್ಕೋ ಅಂತೀವಲ್ಲ, ಮಾವ ತಲೆಯನ್ನೇ ಹಾಕ್ಕೊಂಡಿದ್ದರು. ಬ್ಯಾಂಡೇಜಿನ ಮೇಲೆ ದಪ್ಪಕ್ಷರದಲ್ಲಿ 'ನೋ ಬೋನ್' ಅಂತಿತ್ತು. ಅತ್ತೆ ಅದರ ಅರ್ಥ ಕೇಳಿದರು, ಹೇಳೋಕೆ ನನಗೆ ಬಾಯಿ ಬರಲಿಲ್ಲ.

ಮೂಳೆ ವಾಪಸ್ ಕೂರಿಸೋದು ಬರೀ ಅಂದಕ್ಕೆ, ರಕ್ಷಣೆಗೆ ಅಂತ ತಿಳಿದಿದ್ದೆ. ಅಷ್ಟೇ ಅಲ್ಲ. ಬುರುಡೆಯ ಭಾಗ ಇಲ್ಲದವರಲ್ಲಿ ಕೆಲವರಿಗೆ ತಲೆನೋವು, ತಲೆಸುತ್ತು, ಗಮನ ನಿಲ್ಲದಿರೋದು ಕಾಡುತ್ತೆ. 1939ರಲ್ಲಿ ಗ್ರಾಂಟ್, ನಾರ್‌ಕ್ರಾಸ್ ಎಂಬಿಬ್ಬರು ಇದಕ್ಕೊಂದು ಹೆಸರಿಟ್ಟರು. ಚರ್ಮ ಒಳಕ್ಕೆ ಕುಸಿದು ಕೈಕಾಲು ಸೋಲೋದೂ ಉಂಟು. ಸ್ವಂತ ಮೂಳೆಯನ್ನೋ ಸಿಟಿ ಸ್ಕ್ಯಾನ್ ನೋಡಿ ಅಳತೆಗೆ ಮಾಡಿದ ಟೈಟೇನಿಯಂ ತಟ್ಟೆಯನ್ನೋ ಕೂರಿಸಿದ ಮೇಲೆ ಕೆಲವರ ಮಾತು, ನಡಿಗೆ ಸುಧಾರಿಸುತ್ತೆ. ಎಲ್ಲರಿಗೂ ಹಾಗಾಗಲ್ಲ. ಸೋಂಕಾದರೆ ಮತ್ತೆ ತೆಗೀಬೇಕು. ಫಿಸಿಯೋಥೆರಪಿ ತಿಂಗಳುಗಟ್ಟಲೆ ನಡೀಬೇಕು.

ಮಾವನಿಗೆ ಮೂಳೆ ಕೂರಿಸಿದ ಮೂರನೇ ವಾರ ಅತ್ತೆಯ ಹೆಸರು ಹಿಡಿದು ಕರೆದರಂತೆ.