ಪುಟ್ಟ ನಾಯಿ ಕ್ರೇಟ್‌ನಲ್ಲಿ ಹಾಸಿಗೆ ಒದ್ದೆ ಮಾಡುತ್ತಿದೆಯೇ, ಹರಿಯುತ್ತಿದೆಯೇ? ಪರಿಹಾರ ಇಲ್ಲಿದೆ

ನಗರದ ಫ್ಲ್ಯಾಟ್‌ಗಳಲ್ಲಿ ಪೊಮೆರೇನಿಯನ್, ಶಿಹ್ ತ್ಸು, ಡ್ಯಾಶ್‌ಹಂಡ್, ಪಗ್‌ನಂಥ ಸಣ್ಣ ತಳಿಯ ನಾಯಿ ಸಾಕುವವರು ಹಲವರು. ಮರಿ ಮಲಗಲು ಒಂದು ಜಾಗ ಇರಲಿ ಎಂದು ಕ್ರೇಟ್ ತಂದು, ಒಳಗೆ ಮೆತ್ತನೆಯ ಹಾಸಿಗೆ ಹಾಕುತ್ತಾರೆ. ಬೆಳಗ್ಗೆ ನೋಡಿದರೆ ಹಾಸಿಗೆ ಒದ್ದೆ, ಇಲ್ಲವೇ ಚಿಂದಿ. ರಾತ್ರಿಯಿಡೀ ಅತ್ತರೆ ಪಕ್ಕದ ಮನೆಯವರ ದೂರು ಬೇರೆ. ಬೈದು ಹೊಸ ಹಾಸಿಗೆ ತರುವ ಮೊದಲು ಕಾರಣ ಪತ್ತೆ ಮಾಡುವುದು ಒಳ್ಳೆಯದು. ಕಾರಣ ಬದಲಾದಂತೆ ಪರಿಹಾರವೂ ಬದಲಾಗುತ್ತದೆ.

ಕ್ರೇಟ್ ಎಷ್ಟು ದೊಡ್ಡದಿರಬೇಕು?

ನಾಯಿ ತಲೆ ತಗ್ಗಿಸದೆ ನಿಲ್ಲಬೇಕು, ಸುಲಭವಾಗಿ ಸುತ್ತು ತಿರುಗಬೇಕು, ಕಾಲು ಚಾಚಿ ಮಲಗಬೇಕು. ಇಷ್ಟು ಜಾಗ ಸಾಕು. ಮಲಗುವ ಜಾಗವನ್ನು ಸ್ವಚ್ಛವಾಗಿಟ್ಟುಕೊಳ್ಳುವುದು ನಾಯಿಯ ಸಹಜ ಗುಣ. ಆದರೆ ಕ್ರೇಟ್ ತೀರಾ ದೊಡ್ಡದಾದರೆ ಮರಿ ಒಂದು ಮೂಲೆಯಲ್ಲಿ ಮೂತ್ರ ಮಾಡಿ ಇನ್ನೊಂದು ಮೂಲೆಯಲ್ಲಿ ಮಲಗುತ್ತದೆ. ಮುಂದೆ ಬೆಳೆಯುತ್ತದೆ ಎಂದು ದೊಡ್ಡ ಕ್ರೇಟ್ ತಂದಿದ್ದರೆ, ನಡುವೆ ಅಡ್ಡತಡೆ ಹಾಕಿ ಸದ್ಯಕ್ಕೆ ಜಾಗ ಕಿರಿದು ಮಾಡಿ.

ಹಾಸಿಗೆ ಒದ್ದೆ ಮಾಡುತ್ತಿದ್ದರೆ

ಮೊದಲು ಗಡಿಯಾರ ನೋಡಿ. ಮರಿಯ ವಯಸ್ಸು ಎಷ್ಟು ತಿಂಗಳೋ ಅದಕ್ಕೆ 1 ಸೇರಿಸಿದರೆ, ಅದು ಹೆಚ್ಚೆಂದರೆ ಅಷ್ಟು ಗಂಟೆ ಮೂತ್ರ ತಡೆದುಕೊಳ್ಳಬಲ್ಲದು ಎಂಬುದು ಒಂದು ಅಂದಾಜು. ಅಂದರೆ 2 ತಿಂಗಳ ಮರಿಗೆ 3 ಗಂಟೆಯೇ ಹೆಚ್ಚು. ಸಣ್ಣ ತಳಿಯ ಮರಿಗಳ ಮೂತ್ರಕೋಶವೂ ಸಣ್ಣದು, ಹಗಲಿನಲ್ಲಿ ಇದಕ್ಕೂ ಬೇಗ ಹೊರಗೆ ಕರೆದೊಯ್ಯಬೇಕು. ಎದ್ದ ಕೂಡಲೇ, ಉಂಡ ಮೇಲೆ, ಆಡಿದ ಮೇಲೆ ತಪ್ಪದೆ ಕರೆದೊಯ್ಯಿರಿ.

ಎರಡನೆಯದು ವಾಸನೆ. ಬರೀ ಸೋಪಿನ ನೀರಿನಲ್ಲಿ ಒಗೆದರೆ ನಮಗೆ ವಾಸನೆ ಬಾರದಿರಬಹುದು, ನಾಯಿಯ ಮೂಗಿಗೆ ಅದು ಇನ್ನೂ ಇರುತ್ತದೆ. ಅಲ್ಲೇ ಮತ್ತೆ ಮೂತ್ರ ಮಾಡುತ್ತದೆ. ಸಾಕುಪ್ರಾಣಿ ಅಂಗಡಿಗಳಲ್ಲಿ ಸಿಗುವ ಎಂಜೈಮ್ ಕ್ಲೀನರ್ ಈ ಕಲೆ, ವಾಸನೆ ಎರಡನ್ನೂ ತೆಗೆಯುತ್ತದೆ. ಅಮೋನಿಯಾ ಇರುವ ದ್ರಾವಣ ಬೇಡ, ಅದರ ವಾಸನೆ ಮೂತ್ರದ ವಾಸನೆಯನ್ನೇ ಹೋಲುತ್ತದೆ.

ಮೂರನೆಯದು ಹಾಸಿಗೆಯೇ. ದಪ್ಪ ಸ್ಪಂಜಿನ ಹಾಸಿಗೆ ಮೂತ್ರವನ್ನು ಹೀರಿಕೊಳ್ಳುವುದರಿಂದ ಮರಿಗೆ ಒದ್ದೆಯ ಕಿರಿಕಿರಿಯೇ ತಿಳಿಯುವುದಿಲ್ಲ. ಕೆಲವು ದಿನ ಹಾಸಿಗೆ ತೆಗೆದು, ತೆಳು ಚಾಪೆ ಅಥವಾ ಬರೀ ಟ್ರೇ ಮೇಲೆ ಮಲಗಿಸಿ ನೋಡಿ. ಒಂದೆರಡು ವಾರ ಒದ್ದೆಯಾಗದಿದ್ದರೆ ತೆಳು ಬಟ್ಟೆಯಿಂದ ಮತ್ತೆ ಆರಂಭಿಸಿ.

ಚಿಕ್ಕಂದಿನಿಂದ ಕೊಳಕು ಬೋನಿನಲ್ಲೇ ಬೆಳೆದ ಮರಿಗೆ ಸ್ವಚ್ಛತೆಯ ಅಭ್ಯಾಸ ತಪ್ಪಿರುತ್ತದೆ. ಅದಕ್ಕೆ ಹೆಚ್ಚು ದಿನ ಬೇಕು. ಕಲಿತಿದ್ದ ನಾಯಿ ಇದ್ದಕ್ಕಿದ್ದಂತೆ ಒದ್ದೆ ಮಾಡತೊಡಗಿದರೆ, ಪದೇಪದೇ ಸ್ವಲ್ಪ ಸ್ವಲ್ಪ ಮೂತ್ರ ಮಾಡಿದರೆ ಸೋಂಕು ಇರಬಹುದು, ಪಶುವೈದ್ಯರಿಗೆ ತೋರಿಸಿ.

ಹಾಸಿಗೆ ಹರಿಯುತ್ತಿದ್ದರೆ

ಇದನ್ನು ತುಂಟಾಟ ಎಂದು ಬಿಡಬೇಡಿ. ನುಂಗಿದ ಬಟ್ಟೆ, ದಾರ, ಸ್ಪಂಜು ಕರುಳಿನಲ್ಲಿ ಸಿಕ್ಕಿಕೊಂಡರೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಪುಟ್ಟ ನಾಯಿಯ ಕರುಳು ಕಿರಿದಾದ್ದರಿಂದ ಸಣ್ಣ ತುಂಡೂ ಅಪಾಯ. ಪದೇಪದೇ ವಾಂತಿ, ಊಟ ಬಿಡುವುದು, ಮಲ ನಿಲ್ಲುವುದು ಕಂಡರೆ ಕಾಯದೆ ವೈದ್ಯರ ಬಳಿ ಹೋಗಿ.

ಹರಿಯುವ ಚಟ ನಿಲ್ಲುವವರೆಗೆ ಗುಂಡಿ, ಜಿಪ್, ರಿಬ್ಬನ್, ಸಡಿಲ ದಾರವಿರುವ ಯಾವುದನ್ನೂ ಒಳಗೆ ಹಾಕಬೇಡಿ. ಅಜ್ಜಿ ಹೊಲಿದ ಹಳೆಯ ಕೌದಿ ಮೆತ್ತಗಿರುತ್ತದೆ, ಒಗೆಯುವುದೂ ಸುಲಭ. ಆದರೆ ಹೊಲಿಗೆ ಬಿಟ್ಟಿದ್ದರೆ ಅದೂ ಬೇಡ. ಹಲ್ಲು ಬರುವ 3ರಿಂದ 6 ತಿಂಗಳ ವಯಸ್ಸಿನಲ್ಲಿ ಅಗಿಯುವ ಆಸೆ ಹೆಚ್ಚು. ಒಳಗೆ ಗಟ್ಟಿ ರಬ್ಬರ್ ಆಟಿಕೆ ಇಡಿ. ಅದು ನುಂಗಲಾಗದಷ್ಟು ದೊಡ್ಡದಿರಲಿ.

ಒಳಗೆ ಹೋಗಲು ಒಪ್ಪದಿದ್ದರೆ

ಎಳೆದು ತಂದು ಬಾಗಿಲು ಹಾಕಬೇಡಿ. ಕೆಲವು ದಿನ ಬಾಗಿಲು ತೆರೆದಿಟ್ಟು ಊಟವನ್ನು ಕ್ರೇಟ್‌ನೊಳಗೇ ಕೊಡಿ. ತಾನಾಗಿ ಹೋಗತೊಡಗಿದ ಮೇಲೆ ಕೆಲವೇ ಸೆಕೆಂಡು ಬಾಗಿಲು ಹಾಕಿ ತೆಗೆಯಿರಿ. ಆಮೇಲೆ 1 ನಿಮಿಷ, 5 ನಿಮಿಷ, 10 ನಿಮಿಷ ಎಂದು ಹೆಚ್ಚಿಸುತ್ತಾ ಹೋಗಿ. ತಪ್ಪು ಮಾಡಿದ್ದಕ್ಕೆ ಶಿಕ್ಷೆಯಾಗಿ ಕ್ರೇಟ್‌ಗೆ ಹಾಕಿದರೆ ಕಲಿಸಿದ್ದೆಲ್ಲ ಹಾಳು. ಒಳಗೆ ಬಿಡುವಾಗ ಕೊರಳಪಟ್ಟಿ ತೆಗೆಯಿರಿ, ಅದು ಸರಳುಗಳಿಗೆ ಸಿಕ್ಕಿ ಕುತ್ತಿಗೆ ಬಿಗಿಯಬಹುದು.

ಮೊದಲ ರಾತ್ರಿಗಳಲ್ಲಿ ಕ್ರೇಟ್ ನಿಮ್ಮ ಮಂಚದ ಪಕ್ಕದಲ್ಲೇ ಇರಲಿ. ನಡುರಾತ್ರಿ ಎದ್ದು ಅತ್ತರೆ ಮೂತ್ರಕ್ಕೆ ಕರೆದೊಯ್ದು, ಆಟವಾಡಿಸದೆ ಮತ್ತೆ ಮಲಗಿಸಿ. ಅಭ್ಯಾಸವಾದ ಮೇಲೆ ದಿನಕ್ಕಿಷ್ಟು ದೂರ ಸರಿಸಬಹುದು.

ಚಳಿ, ಸೆಕೆಗೆ ತಕ್ಕ ಹಾಸಿಗೆ

ಸಣ್ಣ ನಾಯಿಗಳ ಮೈ ಬಿಸಿ ಬೇಗ ಆರುತ್ತದೆ. ದೆಹಲಿಯ ಚಳಿಗಾಲದಲ್ಲಿ ಬರೀ ಟ್ರೇ ಮೇಲೆ ಮಲಗಿಸುವುದು ಸರಿಯಲ್ಲ. ಹಾಸಿಗೆ ಹರಿಯುವ ಮರಿಯಾದರೆ ಕ್ರೇಟ್‌ನ ಕೆಳಗೆ, ಹೊರಗಿನಿಂದ ದಪ್ಪ ರಟ್ಟು ಅಥವಾ ಮಡಿಸಿದ ಕಂಬಳಿ ಹಾಕಿದರೆ ನೆಲದ ತಂಪು ತಟ್ಟುವುದಿಲ್ಲ, ಬಾಯಿಗೂ ಸಿಗುವುದಿಲ್ಲ. ಚೆನ್ನೈ, ಮುಂಬೈನ ಸೆಕೆಗೆ ತೆಳು ಹತ್ತಿ ಬಟ್ಟೆ ಸಾಕು. ಪಗ್, ಶಿಹ್ ತ್ಸುವಿನಂಥ ಚಪ್ಪಟೆ ಮುಖದ ನಾಯಿಗಳಿಗೆ ಸೆಕೆ ತಡೆಯುವುದಿಲ್ಲ. ಬಿಸಿಲು ಬೀಳುವ ಬಾಲ್ಕನಿಯಲ್ಲಿ ಕ್ರೇಟ್ ಇಡಬೇಡಿ, ಗಾಳಿಯಾಡುವ ಜಾಗ ಆರಿಸಿ. ನೀರು ಸದಾ ಸಿಗುವಂತಿರಲಿ.

ಯಾವಾಗ ಕ್ರೇಟ್ ಬೇಡ?

ಬಾಗಿಲು ಹಾಕಿದೊಡನೆ ಜೊಲ್ಲು ಸುರಿಸುವುದು, ಹಲ್ಲು, ಉಗುರಿಗೆ ಗಾಯವಾಗುವಷ್ಟು ಸರಳು ಕಚ್ಚಿ ಕೆರೆಯುವುದು ಕಂಡರೆ ಅದು ಹಟವಲ್ಲ, ಭಯ. ಅಂಥ ನಾಯಿಯನ್ನು ಕೂಡಿಹಾಕದೆ, ಒಂದು ಕೋಣೆಗೆ ಚಿಕ್ಕ ಗೇಟು ಹಾಕಿ ಬಿಟ್ಟು, ಪಶುವೈದ್ಯರ ಸಲಹೆ ಪಡೆಯಿರಿ. ಮನೆಯವರೆಲ್ಲ ದಿನವಿಡೀ ಕಚೇರಿಗೆ ಹೋಗುವುದಾದರೆ ಕ್ರೇಟ್ ಅದಕ್ಕೆ ಪರಿಹಾರವಲ್ಲ. ಮಧ್ಯಾಹ್ನ ಬಂದು ಹೊರಗೆ ಕರೆದೊಯ್ಯುವವರನ್ನು ಗೊತ್ತು ಮಾಡಿ. ಬಾಗಿಲು ತೆರೆದಿದ್ದರೂ ನಾಯಿ ತಾನಾಗಿ ಒಳಗೆ ಹೋಗಿ ಮಲಗಿತೆಂದರೆ ಅಭ್ಯಾಸ ಸರಿಯಾಗಿ ಆಗಿದೆ ಎಂದರ್ಥ.