ನೌ ದಟ್ಸ್ ವಾಟ್ ಐ ಕಾಲ್ ಮ್ಯೂಸಿಕ್

ಬ್ರಿಟನ್ನಿನ ವರ್ಜಿನ್ ರೆಕಾರ್ಡ್ಸ್ ಮತ್ತು ಇಎಂಐ ಕಂಪನಿಗಳು ಜಂಟಿಯಾಗಿ 1983ರ ನವೆಂಬರ್ 28ರಂದು ಹೊರತಂದ ಜನಪ್ರಿಯ ಹಾಡುಗಳ ಸಂಕಲನ. ಎರಡು ಎಲ್‌ಪಿ ತಟ್ಟೆಗಳಲ್ಲಿ ಒಟ್ಟು 30 ಹಾಡುಗಳಿದ್ದವು. ಕ್ಯಾಸೆಟ್ ರೂಪದಲ್ಲೂ ಬಂತು. ಈ ಮೂವತ್ತರಲ್ಲಿ 11 ಹಾಡುಗಳು ಅದೇ ವರ್ಷ ಬ್ರಿಟನ್ನಿನ ಸಿಂಗಲ್ಸ್ ಪಟ್ಟಿಯಲ್ಲಿ ಮೊದಲ ಸ್ಥಾನ ಕಂಡಿದ್ದವು. ಸಂಕಲನವೂ ಆಲ್ಬಂ ಪಟ್ಟಿಯ ತುದಿಗೇರಿ, ಕ್ರಿಸ್‌ಮಸ್ ವ್ಯಾಪಾರದ ಭರಾಟೆಯಲ್ಲಿ ಅಲ್ಲೇ ನಿಂತಿತು. ಇದನ್ನು ಅನುಸರಿಸಿ ಬಂದ ಮಾಲಿಕೆ 2018ರ ಜುಲೈನಲ್ಲಿ ನೂರನೆಯ ಸಂಪುಟ ಮುಟ್ಟಿತು. ಜಗತ್ತಿನಲ್ಲಿ ಬೇರೆ ಯಾವ ಹಾಡುಗಳ ಸಂಕಲನಕ್ಕೂ ಇಷ್ಟು ದೀರ್ಘಾಯುಸ್ಸು ಸಿಕ್ಕಿದ್ದು ಅಪರೂಪ. ಇದಕ್ಕೆ ಹಾಡುಗಳ ಗುಣವಷ್ಟೇ ಕಾರಣವಲ್ಲ. ಒಬ್ಬರಿಗೊಬ್ಬರು ಪ್ರತಿಸ್ಪರ್ಧಿಗಳಾಗಿದ್ದ ಕಂಪನಿಗಳು ಹಕ್ಕುಗಳ ವಿಷಯದಲ್ಲಿ ಮಾಡಿಕೊಂಡ ರಾಜಿ ಅದಕ್ಕಿಂತ ದೊಡ್ಡ ಕಾರಣ.

ಹಿನ್ನೆಲೆ

ಹಲವು ಗಾಯಕರ ಹಿಟ್ ಹಾಡುಗಳನ್ನು ಒಂದೇ ತಟ್ಟೆಗೆ ತುಂಬಿ ಮಾರುವುದು 1983ರ ಹೊಸ ಕಲ್ಪನೆಯೇನಲ್ಲ. 1960ರ ದಶಕದ ಕೊನೆಯಿಂದ ಬ್ರಿಟನ್ನಿನಲ್ಲಿ 'ಟಾಪ್ ಆಫ್ ದ ಪಾಪ್ಸ್' ಹೆಸರಿನ ಅಗ್ಗದ ಎಲ್‌ಪಿಗಳು ಬರುತ್ತಿದ್ದವು. ಅವುಗಳಲ್ಲಿ ಮೂಲ ಗಾಯಕರ ದನಿ ಇರುತ್ತಿರಲಿಲ್ಲ. ಸ್ಟುಡಿಯೋದಲ್ಲಿ ಕೂಲಿಗೆ ಹಾಡುವವರು ಹಿಟ್ ಹಾಡನ್ನು ಆದಷ್ಟು ಮೂಲದಂತೆಯೇ ಅನುಕರಿಸಿ ಹಾಡಿಕೊಡುತ್ತಿದ್ದರು. ಹೆಸರು ಮಾಡುವ ಮುನ್ನ ಎಲ್ಟನ್ ಜಾನ್ ಕೂಡ ಇಂಥ ಅಗ್ಗದ ತಟ್ಟೆಗಳಿಗೆ ಹಾಡಿ ಸಂಪಾದಿಸಿದ್ದುಂಟು. 1980ರ ದಶಕದಲ್ಲಿ ಗುಲ್ಶನ್ ಕುಮಾರ್ ಅವರ ಟಿ-ಸೀರೀಸ್ ಹಳೆಯ ಹಿಂದಿ ಚಿತ್ರಗೀತೆಗಳನ್ನು ಬೇರೆ ಗಾಯಕರಿಂದ ಹಾಡಿಸಿ ಕ್ಯಾಸೆಟ್ ಮಾರಿದ್ದನ್ನು ಬಲ್ಲವರಿಗೆ ಈ ವ್ಯಾಪಾರದ ವರಸೆ ಹೊಸದೆನಿಸದು. 1971ರಲ್ಲಿ ಇಂಥ ಅಗ್ಗದ ತಟ್ಟೆಗಳಿಗೂ ಆಲ್ಬಂ ಪಟ್ಟಿಯಲ್ಲಿ ಪ್ರವೇಶ ಸಿಕ್ಕಿತು. ಆ ಆಗಸ್ಟ್‌ನಲ್ಲಿ ಅವು ಮೊದಲ ಸ್ಥಾನಕ್ಕೇ ಏರಿ ಕೂತವು. ವರ್ಷ ತಿರುಗುವಷ್ಟರಲ್ಲಿ ಅವುಗಳನ್ನು ಪಟ್ಟಿಯಿಂದ ಹೊರಹಾಕಲಾಯಿತು.

ಆ ತೆರವನ್ನು ತುಂಬಿದ್ದು ಕೆನಡಾದ ವಿನಿಪೆಗ್ ನಗರದ ಕೆ-ಟೆಲ್ ಕಂಪನಿ. ಅದರ ಸ್ಥಾಪಕ ಫಿಲಿಪ್ ಕೈವ್ಸ್ ರೈತ ಕುಟುಂಬದಿಂದ ಬಂದವನು. ಅಂಟದ ಬಾಣಲೆ, ತರಕಾರಿ ಹೆಚ್ಚುವ ಸಾಧನಗಳನ್ನು ಟಿವಿ ಜಾಹೀರಾತಿನ ಬಲದಿಂದ ಮಾರಿ ಬೆಳೆದವನು. ಬಾಣಲೆ ಮಾರಿದ ರೀತಿಯಲ್ಲೇ ಹಾಡನ್ನೂ ಮಾರಬಹುದೆಂದು ಅವನು ತೋರಿಸಿಕೊಟ್ಟ. ಕೆ-ಟೆಲ್ ನೀಡಿದ್ದು ಮೂಲ ಗಾಯಕರ ದನಿಯನ್ನೇ, ರೆಕಾರ್ಡ್ ಕಂಪನಿಗಳಿಂದ ಪರವಾನಗಿ ಪಡೆದು. 1972ರಲ್ಲಿ ಅದರ '20 ಡೈನಮಿಕ್ ಹಿಟ್ಸ್' ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. ಬೆನ್ನಿಗೇ ರಾಂಕೊ, ಆರ್ಕೇಡ್ ಕಂಪನಿಗಳು ಕಣಕ್ಕಿಳಿದವು.

ಈ ತಟ್ಟೆಗಳ ದೌರ್ಬಲ್ಯ ಅವುಗಳ ಗೀರುಗಳಲ್ಲೇ ಇತ್ತು. ಒಂದು ಎಲ್‌ಪಿಯಲ್ಲಿ ಇಪ್ಪತ್ತು ಹಾಡು ಎಂದರೆ ಮಗ್ಗುಲಿಗೆ ಹತ್ತು. ಒಂದು ಮಗ್ಗುಲಲ್ಲಿ ಕಾಲಾವಧಿ ಹೆಚ್ಚಿದಷ್ಟೂ ಗೀರುಗಳನ್ನು ಒತ್ತೊತ್ತಾಗಿ ಕೊರೆಯಬೇಕು. ಒತ್ತಾಗಿ ಕೊರೆದರೆ ಮುಳ್ಳಿಗೆ ಅಕ್ಕಪಕ್ಕ ಆಡಲು ಜಾಗ ಸಾಲದು. ಧ್ವನಿಯ ಮಟ್ಟವನ್ನೂ ಮಂದ್ರ ಸ್ವರಗಳನ್ನೂ ತಗ್ಗಿಸಬೇಕಾಗುತ್ತದೆ. ಹಾಗಾಗಿ ಕೆ-ಟೆಲ್ ಹಲವು ಹಾಡುಗಳಿಗೆ ಕತ್ತರಿ ಹಾಕುತ್ತಿತ್ತು. ಒಂದು ಚರಣ ಮಾಯ, ಕೊನೆಯ ಪುನರಾವರ್ತನೆ ಮಾಯ. ಕೊಂಡವನಿಗೆ ಹಾಡಿನ ಹೆಸರು ಪೂರ್ತಿ ಸಿಗುತ್ತಿತ್ತು, ಹಾಡು ಮಾತ್ರ ಪೂರ್ತಿ ಸಿಗುತ್ತಿರಲಿಲ್ಲ.

ಹುಟ್ಟು

1983ರ ಆರಂಭದಲ್ಲಿ ರಾಂಕೊದ 'ರೇಡರ್ಸ್ ಆಫ್ ದ ಪಾಪ್ ಚಾರ್ಟ್ಸ್' ಆಲ್ಬಂ ಪಟ್ಟಿಯ ಮೊದಲ ಸ್ಥಾನದಲ್ಲಿತ್ತು. ವರ್ಜಿನ್ ಪಾಲಿಗೂ ಅದು ಸುಗ್ಗಿಯ ವರ್ಷವೇ. ಕಲ್ಚರ್ ಕ್ಲಬ್, ಫಿಲ್ ಕಾಲಿನ್ಸ್, ಹ್ಯೂಮನ್ ಲೀಗ್, ಹೆವನ್ 17, ಮೈಕ್ ಓಲ್ಡ್‌ಫೀಲ್ಡ್, ಸಿಂಪಲ್ ಮೈಂಡ್ಸ್ ಎಲ್ಲರೂ ಅದರ ತೆಕ್ಕೆಯಲ್ಲಿದ್ದರು. ಇವರ ಹಾಡುಗಳಿಗೆ ಪರವಾನಗಿ ಕೇಳಿಕೊಂಡು ಸಂಕಲನ ಕಂಪನಿಗಳು ಬರುತ್ತಿದ್ದವು. ಆ ಪರವಾನಗಿ ವ್ಯವಹಾರ ನೋಡಿಕೊಳ್ಳುತ್ತಿದ್ದವರು ಸ್ಟೀಫನ್ ನೇವಿನ್. ಜಾನ್ ವೆಬ್‌ಸ್ಟರ್ ಜನರಲ್ ಮ್ಯಾನೇಜರ್. ಲಂಡನ್ನಿನ ಪೋರ್ಟೊಬೆಲ್ಲೊ ರಸ್ತೆಯ ಬಳಿ ವರ್ನನ್ ಯಾರ್ಡ್‌ನಲ್ಲಿದ್ದ ವರ್ಜಿನ್ ಕಚೇರಿಯಲ್ಲಿ ಇವರಿಬ್ಬರಿಗೆ ಹೊಳೆದದ್ದು ಸರಳ ಲೆಕ್ಕ: ಹಾಡು ನಮ್ಮದು, ಲಾಭ ಮಾತ್ರ ಊರವರದ್ದು, ಹೀಗೇಕೆ? ಪರವಾನಗಿ ಕೊಟ್ಟರೆ ಕೈಗೆ ಬರುವುದು ರಾಯಲ್ಟಿ ಮಾತ್ರ. ಮಾರಾಟದ ಲಾಭ ಸಂಕಲನಕಾರನ ಪಾಲು. ನಾವೇ ಸಂಕಲನ ಮಾಡಿದರೆ ಎರಡೂ ನಮ್ಮವು.

ಆದರೆ ಒಬ್ಬರ ಬಳಿ ಎಷ್ಟೇ ಹಿಟ್‌ಗಳಿದ್ದರೂ ಇಡೀ ವರ್ಷದ ಚಿತ್ರ ಕೊಡುವಷ್ಟು ಇರುವುದಿಲ್ಲ. ವರ್ಜಿನ್ನಿನ ಮುಖ್ಯಸ್ಥ ಸೈಮನ್ ಡ್ರೇಪರ್ ಒಪ್ಪಿದ ಮೇಲೆ ಪ್ರಸ್ತಾಪ ಇಎಂಐ ಕಂಪನಿಯ ಪೀಟರ್ ಜೇಮಿಸನ್ ಅವರ ಮುಂದೆ ಹೋಯಿತು. ಡ್ಯುರಾನ್ ಡ್ಯುರಾನ್, ಕಾಜಗೂಗೂ, ಟೀನಾ ಟರ್ನರ್ ಇಎಂಐ ಕಡೆಯವರು. ಎರಡು ಬುಟ್ಟಿ ಸೇರಿದ ಮೇಲೆ ಉಳಿದ ಕಂಪನಿಗಳಿಂದ ಬೇಕಾದಷ್ಟನ್ನು ಪರವಾನಗಿ ಮೇಲೆ ಪಡೆದರು. ಬಾನಿ ಟೈಲರ್, ಪಾಲ್ ಯಂಗ್, ರಾಡ್ ಸ್ಟೀವರ್ಟ್, ಮೆನ್ ಅಟ್ ವರ್ಕ್ ಹೀಗೆ ಬಂದವರು.

ಉದ್ದನೆಯ ಹೆಸರಿನ ಕಥೆ ಸಂಗೀತದ್ದಲ್ಲ, ಹಂದಿಮಾಂಸದ್ದು. ಡೆನ್ಮಾರ್ಕಿನ ಬೇಕನ್ ಮಾರಲು ಮಾಡಿದ ಹಳೆಯ ಜಾಹೀರಾತು ಚಿತ್ರವೊಂದರಲ್ಲಿ ಕೋಳಿಯೊಂದು ಹಾಡುತ್ತಿದೆ. ಕೇಳುತ್ತಿರುವ ಹಂದಿ 'ಸಂಗೀತ ಅಂದರೆ ಇದಪ್ಪ' ಎಂಬರ್ಥದ ಮಾತಾಡುತ್ತಿದೆ. ವರ್ಜಿನ್ ಸ್ಥಾಪಕ ರಿಚರ್ಡ್ ಬ್ರಾನ್ಸನ್ ಇದನ್ನು ಪೋರ್ಟೊಬೆಲ್ಲೊ ರಸ್ತೆಯ ಅಂಗಡಿಯಲ್ಲಿ ಕೊಂಡು ಸೋದರಸಂಬಂಧಿ ಡ್ರೇಪರ್‌ಗೆ ಕೊಟ್ಟಿದ್ದರು. ಬೆಳಗಿನ ತಿಂಡಿಗೆ ಮುನ್ನ ಡ್ರೇಪರ್ ಯಾರೊಡನೆಯೂ ಸರಿಯಾಗಿ ಮಾತಾಡುತ್ತಿರಲಿಲ್ಲ, ಮೊಟ್ಟೆಯೆಂದರೆ ಅವರಿಗೆ ಬಲು ಇಷ್ಟ ಎಂಬ ತಮಾಷೆ ಅದರ ಹಿಂದಿತ್ತು. ಚಿತ್ರ ಅವರ ಮೇಜಿನ ಹಿಂದಿನ ಗೋಡೆ ಸೇರಿತ್ತು. ಸಂಕಲನಕ್ಕೆ ಹೆಸರು ಬೇಕಾದಾಗ ಕಣ್ಣಿಗೆ ಬಿದ್ದದ್ದು ಅದೇ. ಮುಂದಿನ ಕೆಲವು ಸಂಪುಟಗಳ ಹೊದಿಕೆಯ ಮೇಲೂ ಹಂದಿ ರಾರಾಜಿಸಿತು.

ಹಾಡುಗಳು

ಮೊದಲ ಹಾಡು ಫಿಲ್ ಕಾಲಿನ್ಸ್ ಹಾಡಿದ 'ಯು ಕಾಂಟ್ ಹರಿ ಲವ್'. ಅದು ಅಮೆರಿಕದ ಸುಪ್ರೀಮ್ಸ್ ತಂಡ 1966ರಲ್ಲಿ ಹಾಡಿದ್ದರ ಮರುರೂಪ. ಪಟ್ಟಿಯನ್ನು ತಾಳ್ಮೆಯಿಂದ ನೋಡಿದರೆ ಇಂಥ ಮರುರೂಪಗಳೇ ಸಾಕಷ್ಟು ಸಿಗುತ್ತವೆ. ಯುಬಿ40 ತಂಡದ 'ರೆಡ್ ರೆಡ್ ವೈನ್' ಮೂಲದಲ್ಲಿ ನೀಲ್ ಡೈಮಂಡ್ ರಚನೆ. ಬರ್ಮಿಂಗ್‌ಹ್ಯಾಮಿನ ಈ ಹುಡುಗರು ಅದನ್ನು ರೆಗೇ ಲಯಕ್ಕೆ ಒಗ್ಗಿಸಿಕೊಂಡರು. ಪಾಲ್ ಯಂಗ್ ಹಾಡಿದ್ದು ಮಾರ್ವಿನ್ ಗೇ ಹಾಡು. ಟ್ರೇಸಿ ಉಲ್ಮನ್ ಹಾಡಿದ್ದು ಕರ್ಸ್ಟಿ ಮೆಕಾಲ್ ಬರೆದದ್ದು. ಟೀನಾ ಟರ್ನರ್ ಹಾಡಿದ 'ಲೆಟ್ಸ್ ಸ್ಟೇ ಟುಗೆದರ್' ಅಲ್ ಗ್ರೀನ್ ಅವರದ್ದು. ಯಂತ್ರವಾದ್ಯಗಳ ದಶಕ ಎಂದೇ ನೆನೆಯುವ ಕಾಲ ಒಳಗೊಳಗೆ ಹಳೆಯ ಸೋಲ್ ಸಂಗೀತಕ್ಕೆ ಎಷ್ಟು ಋಣಿಯಾಗಿತ್ತು ಎಂಬುದಕ್ಕೆ ಈ ಸಂಕಲನವೇ ಪುರಾವೆ.

ಟೀನಾ ಟರ್ನರ್ ಹಾಡಿನ ಜಾಡು ಹಿಡಿದರೆ ಇನ್ನೊಂದು ನಂಟು ಕಾಣುತ್ತದೆ. ಅದರ ನಿರ್ಮಾಣದಲ್ಲಿದ್ದ ಮಾರ್ಟಿನ್ ವೇರ್ ಹೆವನ್ 17 ತಂಡದವರು. ಆ ತಂಡದ 'ಟೆಂಪ್ಟೇಷನ್' ಇದೇ ಸಂಕಲನದಲ್ಲಿದೆ. ವೇರ್ ಅದಕ್ಕೂ ಮೊದಲು ಹ್ಯೂಮನ್ ಲೀಗ್ ಕಟ್ಟಿದವರಲ್ಲಿ ಒಬ್ಬರು, 1980ರಲ್ಲಿ ಅದರಿಂದ ಹೊರಬಂದವರು. ಹ್ಯೂಮನ್ ಲೀಗ್ ಹಾಡೂ ಇಲ್ಲಿದೆ. ಹೀಗೆ ಶೆಫೀಲ್ಡ್ ಎಂಬ ಉಕ್ಕಿನ ಊರಿನ ಒಂದೇ ಗೆಳೆಯರ ಗುಂಪಿನ ಮೂರು ಕವಲುಗಳು ಎರಡು ತಟ್ಟೆಗಳಲ್ಲಿ ಜೊತೆಯಾಗಿವೆ.

ಕಾಜಗೂಗೂ ವಿಷಯ ಇನ್ನೂ ಸ್ವಾರಸ್ಯಕರ. ಗಾಯಕ ಲಿಮಾಲ್ ಇದ್ದಾಗಿನ 'ಟೂ ಶೈ' ಮೊದಲ ಸ್ಥಾನಕ್ಕೇರಿತ್ತು. ಕೆಲವೇ ತಿಂಗಳಲ್ಲಿ ತಂಡ ಅವನನ್ನು ಹೊರಹಾಕಿತು. ಸಂಕಲನದಲ್ಲಿ 'ಟೂ ಶೈ' ಇದೆ, ಅವನಿಲ್ಲದೆ ತಂಡ ಮಾಡಿದ 'ಬಿಗ್ ಆ್ಯಪಲ್' ಇದೆ, ಅವನೊಬ್ಬನೇ ಹಾಡಿದ 'ಓನ್ಲಿ ಫಾರ್ ಲವ್' ಕೂಡ ಇದೆ. ಜಗಳವಾಡಿ ಬೇರೆಯಾದವರು ಒಂದೇ ಹೊದಿಕೆಯೊಳಗೆ! ಇಂಥದ್ದನ್ನು ಹಕ್ಕುಗಳ ಕಡತ ಮಾತ್ರ ಸಾಧಿಸಬಲ್ಲದು.

ಆ ವರ್ಷ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದ ಸಿಂಗಲ್ ಕಲ್ಚರ್ ಕ್ಲಬ್ ತಂಡದ 'ಕರ್ಮ ಕಮೀಲಿಯನ್', ಅದು ಇಲ್ಲಿದೆ. ಕೊನೆಯ ಹಾಡಾಗಿ ಅದೇ ತಂಡದ 'ವಿಕ್ಟಿಮ್ಸ್' ಇಟ್ಟರು. ಬಿಡುಗಡೆಯ ಹೊತ್ತಿಗೆ ಅದು ಅಂಗಡಿಗೆ ಆಗಷ್ಟೇ ಬರುತ್ತಿದ್ದ ಹಾಡು. ಹಳೆಯ ಹಿಟ್‌ಗಳ ಬೆನ್ನ ಮೇಲೆ ಹೊಸ ಹಾಡನ್ನೂ ಮಾರುವ ಈ ಜಾಣತನ ಮಾಲಿಕೆಯ ಮುಂದಿನ ಸಂಪುಟಗಳಲ್ಲೂ ಕಾಣುತ್ತದೆ.

ಇಲ್ಲದಿರುವ ಹಾಡುಗಳನ್ನೂ ಗಮನಿಸಬೇಕು. ಮೈಕಲ್ ಜಾಕ್ಸನ್ ಹಾಡಿದ 'ಬಿಲ್ಲಿ ಜೀನ್', ಡೇವಿಡ್ ಬೋವಿ ಹಾಡಿದ 'ಲೆಟ್ಸ್ ಡಾನ್ಸ್', ಪೊಲೀಸ್ ತಂಡದ 'ಎವ್ರಿ ಬ್ರೆತ್ ಯು ಟೇಕ್', ಸ್ಪಾಂಡೌ ಬ್ಯಾಲೆ ತಂಡದ 'ಟ್ರೂ', ಬಿಲ್ಲಿ ಜೋಯೆಲ್ ಹಾಡಿದ 'ಅಪ್‌ಟೌನ್ ಗರ್ಲ್' ಎಲ್ಲವೂ 1983ರಲ್ಲಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿದವು. ಒಂದೂ ಇಲ್ಲಿಲ್ಲ. ಆದ್ದರಿಂದ ಈ ಸಂಕಲನವನ್ನು 1983ರ ಸಂಗೀತದ ಇತಿಹಾಸವೆಂದು ಓದುವುದು ತಪ್ಪಾಗುತ್ತದೆ. ಇದು ಆ ವರ್ಷ ಯಾರು ಯಾರಿಗೆ ಪರವಾನಗಿ ಕೊಟ್ಟರು ಎಂಬುದರ ದಾಖಲೆ.

ಯಶಸ್ಸು ಮತ್ತು ಪೈಪೋಟಿ

ಮಗ್ಗುಲಿಗೆ ಏಳೆಂಟು ಹಾಡು ಎಂಬ ಲೆಕ್ಕ ಕೆ-ಟೆಲ್ ತಟ್ಟೆಗಳಿಗಿಂತ ಸಡಿಲವಾಗಿತ್ತು. ಎರಡು ತಟ್ಟೆಗಳ ಗಾತ್ರ, ದೊಡ್ಡ ಕಂಪನಿಗಳ ಮುದ್ರೆ, ಜೋರು ಟಿವಿ ಜಾಹೀರಾತು ಸೇರಿ ಅಗ್ಗದ ಸರಕೆಂಬ ಕಳಂಕ ತೊಳೆದವು. ಇನ್ನೊಂದು ಹಿನ್ನೆಲೆಯೂ ಇತ್ತು. ಭಾನುವಾರ ಸಂಜೆ ಬಿಬಿಸಿ ರೇಡಿಯೋದಲ್ಲಿ ಬರುತ್ತಿದ್ದ ಅಗ್ರ 40 ಹಾಡುಗಳನ್ನು ಮಕ್ಕಳು ಖಾಲಿ ಕ್ಯಾಸೆಟ್ಟಿಗೆ ಇಳಿಸಿಕೊಳ್ಳುತ್ತಿದ್ದರು. ಮನೆಯ ಧ್ವನಿಮುದ್ರಣ ಸಂಗೀತವನ್ನು ಕೊಲ್ಲುತ್ತಿದೆ ಎಂದು ಉದ್ಯಮ 1981ರಲ್ಲಿ ಪ್ರಚಾರಾಂದೋಲನವನ್ನೇ ನಡೆಸಿತ್ತು. ನಮ್ಮೂರುಗಳ ಕ್ಯಾಸೆಟ್ ಅಂಗಡಿಗಳಲ್ಲಿ ಹಾಡಿನ ಚೀಟಿ ಕೊಟ್ಟು ಅರುವತ್ತು ನಿಮಿಷದ ಕ್ಯಾಸೆಟ್ ತುಂಬಿಸಿಕೊಳ್ಳುತ್ತಿದ್ದವರೂ ಇದೇ ಬಯಕೆಯ ಜನ. ಬೈದು ಹೇಳಿದಾಗ ಕೇಳದವರು, ಬೇಕಾದ್ದನ್ನು ಸೊಗಸಾಗಿ ಕಟ್ಟಿಕೊಟ್ಟಾಗ ದುಡ್ಡು ಕೊಟ್ಟು ಕೊಂಡರು.

1984ರಲ್ಲಿ ಬಂದ ಎರಡನೆಯ, ಮೂರನೆಯ ಸಂಪುಟಗಳೂ ಮೊದಲ ಸ್ಥಾನ ಪಡೆದವು. ಅಷ್ಟರಲ್ಲಿ ಎದುರಾಳಿಗಳು ಎಚ್ಚೆತ್ತಿದ್ದರು. ಸಿಬಿಎಸ್, ಡಬ್ಲ್ಯುಇಎ ಕಂಪನಿಗಳು ಕೂಡಿ ಅದೇ ವರ್ಷದ ಕೊನೆಗೆ 'ದ ಹಿಟ್ಸ್ ಆಲ್ಬಂ' ತಂದವು. ನಾಲ್ಕನೆಯ ನೌ ಸಂಪುಟ ಎರಡನೆಯ ಸ್ಥಾನಕ್ಕೆ ತೃಪ್ತಿಪಡಬೇಕಾಯಿತು. ಸಿಡಿಯಲ್ಲಿ ಮೊದಲು ಬಂದದ್ದೂ ಈ ನಾಲ್ಕನೆಯದೇ, ಆಯ್ದ ಹಾಡುಗಳೊಂದಿಗೆ.

ದಶಕದ ಕೊನೆಗೆ ಪಟ್ಟಿಯ ಮೇಲ್ತುದಿಯಲ್ಲಿ ಸಂಕಲನಗಳದ್ದೇ ಕಾರುಬಾರು. ವರ್ಷಗಟ್ಟಲೆ ದುಡಿದು ಆಲ್ಬಂ ಮಾಡಿದ ಗಾಯಕ ಎರಡು, ಮೂರನೆಯ ಸ್ಥಾನದಲ್ಲಿ ನಿಲ್ಲಬೇಕು. ಅವನದೇ ಹಾಡನ್ನೂ ಸೇರಿಸಿಕೊಂಡ ಸಂಕಲನ ಮೊದಲ ಸ್ಥಾನದಲ್ಲಿರಬೇಕು. 1989ರ ಜನವರಿಯಲ್ಲಿ ಹಲವು ಕಲಾವಿದರ ಸಂಕಲನಗಳನ್ನು ಮುಖ್ಯ ಆಲ್ಬಂ ಪಟ್ಟಿಯಿಂದ ತೆಗೆದು ಅವಕ್ಕೇ ಪ್ರತ್ಯೇಕ ಪಟ್ಟಿ ಮಾಡಲಾಯಿತು. 1971ರ ಅಗ್ಗದ ತಟ್ಟೆಗಳಿಗೆ ಆದದ್ದೇ ಇವಕ್ಕೂ ಆಯಿತು, ಸ್ವಲ್ಪ ಮರ್ಯಾದೆಯಿಂದ. ಒಬ್ಬನೇ ಕಲಾವಿದನ ಅಥವಾ ಒಂದೇ ತಂಡದ ಹಿಟ್ ಸಂಕಲನಗಳಿಗೆ ಈ ನಿಯಮ ಅನ್ವಯಿಸಲಿಲ್ಲ. ಹಾಗಾಗಿ ಕ್ವೀನ್ ತಂಡದ 'ಗ್ರೇಟೆಸ್ಟ್ ಹಿಟ್ಸ್', 1992ರಲ್ಲಿ ಬಂದ 'ಆಬ್ಬಾ ಗೋಲ್ಡ್' ಮುಖ್ಯ ಪಟ್ಟಿಯಲ್ಲೇ ಉಳಿದು ದಶಕಗಳ ಕಾಲ ಮಾರಾಟವಾದವು. ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಂ ಎಂಬ ಹೆಸರು ಇಂದಿಗೂ ಕ್ವೀನ್ ಸಂಕಲನದ್ದೇ. ಈ ವಿಂಗಡಣೆ ಪೂರ್ತಿ ನ್ಯಾಯವೆನ್ನಲಾಗದು. ಒಂದರಲ್ಲೂ ಇರುವುದು ಹಳೆಯ ಹಾಡು, ಇನ್ನೊಂದರಲ್ಲೂ ಅದೇ.

ಬೇರೆ ಪಟ್ಟಿಗೆ ಹೋದದ್ದರಿಂದ ಮಾರಾಟವೇನೂ ಕುಗ್ಗಲಿಲ್ಲ. ವರ್ಷಕ್ಕೆ ಮೂರು ಸಂಪುಟಗಳ ವಾಡಿಕೆ ನಿಂತಿತು: ಈಸ್ಟರ್ ಆಸುಪಾಸು, ಬೇಸಿಗೆ ರಜೆ, ಕ್ರಿಸ್‌ಮಸ್‌ಗೆ ಮುನ್ನ. 1999ರ 44ನೆಯ ಸಂಪುಟ 20 ಲಕ್ಷಕ್ಕೂ ಮೀರಿ ಮಾರಾಟವಾಗಿ ಮಾಲಿಕೆಯ ದಾಖಲೆ ಬರೆಯಿತು. ಅಮೆರಿಕದಲ್ಲಿ ಮಾಲಿಕೆ ಕಾಲಿಟ್ಟದ್ದು 1998ರಲ್ಲಿ. ಅಲ್ಲಿ ಸಂಕಲನಗಳನ್ನು ಮುಖ್ಯ ಬಿಲ್‌ಬೋರ್ಡ್ ಪಟ್ಟಿಯಿಂದ ಬೇರ್ಪಡಿಸಿರಲಿಲ್ಲ; ಹಾಗಾಗಿ 2000ದ ನಂತರ ಹಲವು ಸಂಪುಟಗಳು ಅಲ್ಲಿ ಮೊದಲ ಸ್ಥಾನ ಕಂಡವು. 1992ರಲ್ಲಿ ವರ್ಜಿನ್ ಕಂಪನಿಯನ್ನು ಇಎಂಐ ಕೊಂಡಿತು, ಮುಂದೆ ಇಎಂಐಯ ಧ್ವನಿಮುದ್ರಿಕೆ ವಿಭಾಗವನ್ನೇ ಯುನಿವರ್ಸಲ್ ಕೊಂಡಿತು. ಈಗ ಮಾಲಿಕೆ ಯುನಿವರ್ಸಲ್ ಮತ್ತು ಸೋನಿ ಕಂಪನಿಗಳ ಜಂಟಿ ಒಡೆತನದಲ್ಲಿದೆ.

ನಂತರದ ರೂಪಗಳು

ಎಲ್‌ಪಿ ರೂಪ 1996ರಲ್ಲಿ 35ನೆಯ ಸಂಪುಟದೊಂದಿಗೆ ನಿಂತಿತು. ಕ್ಯಾಸೆಟ್ ಇನ್ನೂ ಒಂದು ದಶಕ ಎಳೆಯಿತು. ಫೋನಿನಲ್ಲಿ ಪ್ಲೇಲಿಸ್ಟ್ ಬಂದ ಮೇಲೆ ಸಂಕಲನದ ಕೆಲಸ ಕೇಳುಗನ ಬೆರಳಿಗೇ ಬಂತು. ಹೊಸ ಹಿಟ್‌ಗಳನ್ನು ಮಾರುವ ಶಕ್ತಿ ಮಾಲಿಕೆಯಲ್ಲಿ ಮೊದಲಿನಷ್ಟಿಲ್ಲ. ನೂರನೆಯ ಸಂಪುಟದಲ್ಲೇ ಒಂದು ಸಿಡಿ ಹೊಸ ಹಾಡುಗಳಿಗೆ, ಇನ್ನೊಂದು ಹಳೆಯ ಸಂಪುಟಗಳ ನೆನಪಿಗೆ ಮೀಸಲಾಯಿತು. 2021ರಿಂದ ಹಳೆಯ ಒಂದೊಂದು ವರ್ಷದ ಹಾಡುಗಳನ್ನು ಕೂಡಿಸುವ 'ಇಯರ್‌ಬುಕ್' ಸಂಪುಟಗಳು ಬರುತ್ತಿವೆ. ಅವುಗಳಲ್ಲಿ ಮೊದಲನೆಯದಕ್ಕೆ ಆರಿಸಿಕೊಂಡ ವರ್ಷ 1983. ಮೂಲ ಸಂಕಲನ ಸಿಡಿ ರೂಪದಲ್ಲಿ ಮೊದಲ ಬಾರಿಗೆ ಸಿಕ್ಕಿದ್ದು 2009ರಲ್ಲಿ, ಅಂದರೆ ಅಂಗಡಿಗಳಲ್ಲಿ ಸಿಡಿಗಳ ಕಪಾಟು ಕಿರಿದಾಗತೊಡಗಿದ್ದ ಹೊತ್ತಿನಲ್ಲಿ.