ನಾಯಿಗೆ ಬ್ರೆಡ್ ಕೊಡಬಹುದೇ? ಜೀವದಯೆಯ ಮನೆಗಳಿಗೆ ತಿಳಿದಿರಬೇಕಾದ ವಿಷಯಗಳು

ಬಸದಿಯ ದರ್ಶನ ಮುಗಿಸಿ ಬರುವಾಗ ಒಂದು ಪೌಂಡ್ ಬ್ರೆಡ್ ಕೊಂಡು ಬೀದಿನಾಯಿಗಳಿಗೆ ಹಾಕುವ ರೂಢಿ ಹಲವು ಶ್ರಾವಕ ಕುಟುಂಬಗಳಲ್ಲಿದೆ. ಹಿರಿಯರ ಪುಣ್ಯತಿಥಿ, ಮಕ್ಕಳ ಹುಟ್ಟುಹಬ್ಬ, ದಶಲಕ್ಷಣ ಪರ್ವದ ದಿನಗಳಲ್ಲಿ ಇದು ಇನ್ನೂ ಹೆಚ್ಚು. ಬ್ರೆಡ್ ಸುಲಭವಾಗಿ ಸಿಗುತ್ತದೆ, ನಾಯಿಯೂ ಆಸೆಯಿಂದ ತಿನ್ನುತ್ತದೆ. ಆದರೆ ಅದು ನಾಯಿಗೆ ಒಳ್ಳೆಯದೇ ಎಂಬ ಪ್ರಶ್ನೆ ಉಳಿಯುತ್ತದೆ.

ಉತ್ತರ ಹೀಗಿದೆ. ಬೇರೇನೂ ಸೇರಿಸದ, ಚೆನ್ನಾಗಿ ಬೆಂದ, ತಾಜಾ ಬ್ರೆಡ್ ಆರೋಗ್ಯವಂತ ದೊಡ್ಡ ನಾಯಿಗೆ ವಿಷವಲ್ಲ. ಒಂದೆರಡು ತುಂಡು ತಿಂದರೆ ತೊಂದರೆಯಿಲ್ಲ. ಆದರೆ ಕೆಲವು ಬಗೆಯ ಬ್ರೆಡ್ ಮತ್ತು ಬನ್ ನಾಯಿಯ ಪ್ರಾಣಕ್ಕೇ ಅಪಾಯ ತರಬಲ್ಲವು. ಬ್ರೆಡ್ ಒಂದನ್ನೇ ನಂಬಿದ ನಾಯಿ ಹೊಟ್ಟೆ ತುಂಬಿದ್ದರೂ ಸೊರಗುತ್ತದೆ.

ನಾಯಿಯ ಹೊಟ್ಟೆ ಮತ್ತು ಗೋಧಿ

ನಾಯಿ ತೋಳದ ಕುಲದ್ದಾದರೂ ಸಾವಿರಾರು ವರ್ಷ ಮನುಷ್ಯನ ಜೊತೆ ಬಾಳಿ ಧಾನ್ಯ ಜೀರ್ಣಿಸಿಕೊಳ್ಳಲು ಕಲಿತಿದೆ. ಪಿಷ್ಟವನ್ನು ಒಡೆಯುವ ಅಮೈಲೇಸ್ ಎಂಬ ರಸಕ್ಕೆ ಸಂಬಂಧಿಸಿದ ಜೀನ್‌ನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಹೆಚ್ಚು ಎಂದು 2013ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಆದ್ದರಿಂದ ಚಪಾತಿ, ಅನ್ನ, ಬ್ರೆಡ್ ನಾಯಿಗೆ ಅರಗುತ್ತವೆ. ಕೆಲವು ನಾಯಿಗಳಿಗೆ ಮಾತ್ರ ಗೋಧಿ ಒಗ್ಗದೆ ತುರಿಕೆ ಅಥವಾ ಭೇದಿ ಆಗಬಹುದು.

ಎಷ್ಟು ಕೊಡಬಹುದು?

ಸುಮಾರು 10 ಕಿಲೋ ತೂಗುವ ನಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಬೇಕು. ಮುಖ್ಯ ಆಹಾರದ ಹೊರತಾದ ತಿನಿಸು ಇದರ ಹತ್ತನೇ ಒಂದು ಭಾಗ ಮೀರಬಾರದು ಎಂಬುದು ಪಶುವೈದ್ಯರ ಸಾಮಾನ್ಯ ಸಲಹೆ. ಅಂದರೆ 60 ಕ್ಯಾಲೊರಿ. ಒಂದು ಸ್ಲೈಸ್ ಬ್ರೆಡ್‌ನಲ್ಲಿಯೇ 70ರಿಂದ 80 ಕ್ಯಾಲೊರಿ ಇರುತ್ತದೆ. ಈ ಲೆಕ್ಕದಲ್ಲಿ ಸಣ್ಣ ನಾಯಿಗೆ ದಿನಕ್ಕೆ ಅರ್ಧ ಸ್ಲೈಸ್, ಮಧ್ಯಮ ಗಾತ್ರದ ನಾಯಿಗೆ ಒಂದು ಸ್ಲೈಸ್ ಸಾಕು. ಸಕ್ಕರೆ ಕಾಯಿಲೆ ಅಥವಾ ಬೊಜ್ಜು ಇರುವ ನಾಯಿಗೆ ಬ್ರೆಡ್ ಬೇಡ. ಬೆಣ್ಣೆ, ಜಾಮ್ ಸವರಿಯೂ ಕೊಡಬಾರದು.

ಕೊಡಲೇಬಾರದವು

* ಹಸಿ ಹಿಟ್ಟು: ಯೀಸ್ಟ್ ಹಾಕಿ ಕಲಸಿಟ್ಟ ಹಿಟ್ಟನ್ನು ನಾಯಿ ತಿಂದರೆ ಅದು ಹೊಟ್ಟೆಯ ಬಿಸಿಗೆ ಇನ್ನಷ್ಟು ಉಬ್ಬುತ್ತದೆ. ಹೊಟ್ಟೆ ಊದಿಕೊಳ್ಳುತ್ತದೆ. ಜೊತೆಗೆ ಹುದುಗುವಾಗ ಹುಟ್ಟುವ ಆಲ್ಕೋಹಾಲ್ ರಕ್ತಕ್ಕೆ ಸೇರಿ ನಾಯಿ ತೂರಾಡುತ್ತದೆ. ಇದು ತುರ್ತು ಚಿಕಿತ್ಸೆಯ ಸ್ಥಿತಿ.
* ಖಾರಾ ಬನ್, ಗಾರ್ಲಿಕ್ ಬ್ರೆಡ್: ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಒಣಗಿಸಿದರೂ ಈ ಗುಣ ಹೋಗುವುದಿಲ್ಲ. ಸುಸ್ತು, ಬಿಳಿಚಿದ ವಸಡು, ಕಂದು ಮೂತ್ರ ಇವು ಕೆಲವು ದಿನ ಕಳೆದು ಕಾಣಬಹುದು. ಕಂದಮೂಲ ಬಿಟ್ಟ ಮನೆಯಲ್ಲಿ ಈ ಭಯ ಕಡಿಮೆ. ಆದರೆ ಬೇಕರಿಯಿಂದ ತಂದು ನಾಯಿಗೆ ಹಾಕುವ ಬನ್ನಿನಲ್ಲಿ ಏನಿದೆ ಎಂದು ಕೇಳಿಯೇ ಕೊಳ್ಳಬೇಕು.
* ಒಣದ್ರಾಕ್ಷಿ ಇರುವ ಬನ್, ಕೇಕ್: ದ್ರಾಕ್ಷಿ ಹಸಿಯಾಗಲಿ ಒಣಗಿದ್ದಾಗಲಿ, ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲದು. ಇಷ್ಟು ತಿಂದರೆ ಅಪಾಯವಿಲ್ಲ ಎಂದು ಹೇಳುವ ಅಳತೆ ಇಲ್ಲ. ಪಾಯಸ, ಕೇಸರಿಬಾತಿಗೂ ಈ ಮಾತು ಅನ್ವಯ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣವಿರಬೇಕೆಂದು ಪಶುವೈದ್ಯರು ಶಂಕಿಸುತ್ತಾರೆ. ಹುಣಸೆಹಣ್ಣಿನಲ್ಲೂ ಅದೇ ಆಮ್ಲವಿದೆ. ಆದ್ದರಿಂದ ಹುಳಿಯನ್ನ, ಸಾರಿನಲ್ಲಿ ನೆನೆಸಿದ ರೊಟ್ಟಿ ಹಾಕುವುದೂ ಸರಿಯಲ್ಲ.
* ಚಾಕೊಲೇಟ್ ಮತ್ತು ಸಕ್ಕರೆರಹಿತ ತಿನಿಸು: ಚಾಕೊಲೇಟ್ ಹೃದಯ ಮತ್ತು ನರಗಳಿಗೆ ಕೆಡುಕು. ಸಕ್ಕರೆರಹಿತ ಪದಾರ್ಥಗಳಲ್ಲಿ ಕೆಲವೊಮ್ಮೆ ಇರುವ ಜೈಲಿಟಾಲ್ ರಕ್ತದ ಸಕ್ಕರೆಯನ್ನು ಒಮ್ಮೆಲೇ ಇಳಿಸುತ್ತದೆ. ಯಕೃತ್ತಿಗೂ ಹಾನಿ ಮಾಡುತ್ತದೆ.
* ಬೂಷ್ಟು ಹಿಡಿದ ಬ್ರೆಡ್: ಕೆಲವು ಬೂಷ್ಟುಗಳ ವಿಷದಿಂದ ನಾಯಿಗೆ ನಡುಕ, ಸೆಳೆತ ಬರುತ್ತದೆ. ಬೂಷ್ಟು ಅನಂತ ಜೀವಗಳ ನೆಲೆ ಎಂದು ಜೈನ ಪರಂಪರೆ ಹೇಳುತ್ತದೆ. ಮನೆಯವರಿಗೆ ಅಭಕ್ಷ್ಯವಾದದ್ದನ್ನು ನಾಯಿಗೆ ಹಾಕಿದರೆ ಅದು ದಾನವಾಗುವುದಿಲ್ಲ.

ಮರಿಗಳಿಗೆ ಹಾಲು-ಬ್ರೆಡ್

ಅತಿ ಹೆಚ್ಚು ತಪ್ಪು ನಡೆಯುವುದು ಇಲ್ಲಿ. ರಸ್ತೆಬದಿಯ ಪುಟ್ಟ ಮರಿಗಳನ್ನು ಕಂಡು ಮರುಗಿ, ಹಾಲಿನಲ್ಲಿ ಬ್ರೆಡ್ ನೆನೆಸಿ ಇಡುತ್ತಾರೆ. ಮೂರು ವಾರ ತುಂಬದ ಮರಿಗೆ ಗಟ್ಟಿ ಆಹಾರ ಅರಗುವುದಿಲ್ಲ. ಹಸುವಿನ ಹಾಲಿನಲ್ಲಿ ನಾಯಿಯ ಹಾಲಿಗಿಂತ ಕೊಬ್ಬು ಮತ್ತು ಪ್ರೋಟೀನ್ ಕಡಿಮೆ, ಲ್ಯಾಕ್ಟೋಸ್ ಹೆಚ್ಚು. ಇದರಿಂದ ಭೇದಿ ಆಗುತ್ತದೆ. ಅಷ್ಟು ಚಿಕ್ಕ ಮರಿ ಭೇದಿಯಿಂದ ಒಂದೆರಡು ದಿನದಲ್ಲೇ ಸಾಯಬಹುದು.

ತಾಯಿ ಇದ್ದರೆ ಮರಿಗಳನ್ನು ಮುಟ್ಟದೆ ತಾಯಿಗೆ ಚೆನ್ನಾಗಿ ಉಣಿಸಬೇಕು. ತಾಯಿಗೆ ಹಾಕಿದ ತುತ್ತು ಎಲ್ಲ ಮರಿಗಳಿಗೂ ಸೇರುತ್ತದೆ. ತಾಯಿ ಇಲ್ಲದಿದ್ದರೆ ಮರಿಗಳನ್ನು ಬೆಚ್ಚಗೆ ಇಟ್ಟು, ಔಷಧಿ ಅಂಗಡಿಯಲ್ಲಿ ಅಥವಾ ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ನಾಯಿಮರಿಯ ಹಾಲಿನ ಪುಡಿಯನ್ನು ಪಶುವೈದ್ಯರ ಸಲಹೆಯಂತೆ ಕೊಡಬೇಕು.

ಮನೆಯಲ್ಲಿ ಸಾಕಿದ ನಾಯಿ

ಜೈನರ ಮನೆಯಲ್ಲಿ ಮಾಂಸ, ಮೊಟ್ಟೆಯ ಮಾತಿಲ್ಲ. ಹಾಗೆಂದು ಹಾಲು-ಬ್ರೆಡ್ ಅಥವಾ ಮೊಸರನ್ನ ಒಂದರಲ್ಲೇ ನಾಯಿಯನ್ನು ಬೆಳೆಸಿದರೆ ಪ್ರೋಟೀನ್, ಕ್ಯಾಲ್ಸಿಯಂ, ಜೀವಸತ್ವಗಳ ಕೊರತೆ ಆಗುತ್ತದೆ. ಕೂದಲು ಉದುರುವುದು, ಮೂಳೆ ಬಾಗುವುದು, ಬೇಗ ಸುಸ್ತಾಗುವುದು ಇದರ ಗುರುತುಗಳು. ನಾಯಿಯನ್ನು ಸರಿಯಾಗಿ ಲೆಕ್ಕಹಾಕಿದ ಸಸ್ಯಾಹಾರದಲ್ಲಿ ಸಾಕಲು ಸಾಧ್ಯ. ಬೇಳೆ, ಪನೀರ್, ತರಕಾರಿ ಇದ್ದರೂ ಮೇಲಿನ ಪೂರಕಗಳನ್ನು ಪಶುವೈದ್ಯರೇ ಗೊತ್ತುಮಾಡಬೇಕು. ನಾಯಿಗೆಂದೇ ತಯಾರಾದ ಸಂಪೂರ್ಣ ಸಸ್ಯಾಹಾರವೂ ಮಾರುಕಟ್ಟೆಯಲ್ಲಿದೆ. ಅಷ್ಟು ಕಾಳಜಿ ಸಾಧ್ಯವಿಲ್ಲದವರು ನಾಯಿ ಸಾಕುವ ಮುನ್ನ ಯೋಚಿಸಬೇಕು.

ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅನ್ನಪಾನನಿರೋಧವೂ ಒಂದು. ಆಶ್ರಯದಲ್ಲಿರುವ ಪ್ರಾಣಿಗೆ ಅನ್ನ-ನೀರು ತಡೆಯಬಾರದು ಎಂಬುದು ಇದರ ಅರ್ಥ. ದೇಹಕ್ಕೆ ಬೇಕಾದದ್ದು ಸಿಗದಂತೆ ವರ್ಷಗಟ್ಟಲೆ ಹೊಟ್ಟೆ ಮಾತ್ರ ತುಂಬಿಸುವುದೂ ಅದರ ಹತ್ತಿರವೇ ಬರುತ್ತದೆ.

ಬೀದಿನಾಯಿಗಳಿಗೆ ಹಾಕುವಾಗ

ಸೂರ್ಯಾಸ್ತದೊಳಗೆ ಊಟ ಮುಗಿಸುವ ಮನೆಗಳಲ್ಲಿ ಉಳಿದ ಚಪಾತಿ, ಅನ್ನವನ್ನು ರಾತ್ರಿ ಇಡದೆ ಆಗಲೇ ಹಾಕುವುದು ಉತ್ತಮ. ಬ್ರೆಡ್‌ಗಿಂತ ಬೇಳೆ ಬೇಯಿಸಿ ಕಲಸಿದ ಅನ್ನ ಮೇಲು. ಅದಕ್ಕೆ ಉಪ್ಪು, ಖಾರ, ಹುಳಿ ಬೇಡ. ಪ್ಲಾಸ್ಟಿಕ್ ಕವರಿನ ಸಮೇತ ಎಸೆಯಬಾರದು. ನಾಯಿ ಕವರನ್ನೂ ನುಂಗುತ್ತದೆ. ಪಕ್ಕದಲ್ಲಿ ಗಾಳಿಸಿದ ನೀರಿನ ಬಟ್ಟಲು ಇಟ್ಟು ದಿನವೂ ಬದಲಿಸಬೇಕು. ನಿಂತ ನೀರಿನಲ್ಲಿ ಹುಳು ಹುಟ್ಟಿದರೆ ಅದೂ ಹಿಂಸೆಯೇ.

ಸ್ಥಳವೂ ಮುಖ್ಯ. ಬಸದಿಯ ಬಾಗಿಲು, ಶಾಲೆಯ ದಾರಿ, ಮಕ್ಕಳು ಆಡುವ ಜಾಗ ಬೇಡ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಇದನ್ನೇ ಹೇಳುತ್ತವೆ. ಗೊತ್ತುಪಡಿಸಿದ ಸ್ಥಳದಲ್ಲಿ ಮಾತ್ರ ಆಹಾರ ಹಾಕಬೇಕೆಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್‌ನಲ್ಲಿ ಸೂಚಿಸಿದೆ. ದಿನವೂ ಉಣಿಸುವವರನ್ನು ನಾಯಿ ನಂಬುತ್ತದೆ. ಆ ನಂಬಿಕೆಯಿಂದಲೇ ಅದಕ್ಕೆ ರೇಬೀಸ್ ಲಸಿಕೆ ಮತ್ತು ಸಂತಾನಹರಣ ಚಿಕಿತ್ಸೆ ಮಾಡಿಸಲು ಸಾಧ್ಯ. ಇದರಿಂದ ನಾಯಿಗೂ ಬೀದಿಯ ಮಕ್ಕಳಿಗೂ ರಕ್ಷಣೆ ಸಿಗುತ್ತದೆ.

ಅಪಾಯದ್ದು ತಿಂದುಬಿಟ್ಟರೆ

ವಾಂತಿ, ಹೊಟ್ಟೆ ಉಬ್ಬರ, ತೂರಾಟ, ನಡುಕ, ಮೂತ್ರ ನಿಲ್ಲುವುದು ಕಂಡರೆ ಕಾಯಬಾರದು. ದ್ರಾಕ್ಷಿ ಅಥವಾ ಹಸಿ ಹಿಟ್ಟು ತಿಂದದ್ದು ಖಚಿತವಾದರೆ ಲಕ್ಷಣ ಕಾಣುವ ಮೊದಲೇ ಪಶುವೈದ್ಯರ ಬಳಿ ಹೋಗಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ಉಪಾಯ ಅಪಾಯಕಾರಿ. ಏನು, ಎಷ್ಟು, ಯಾವಾಗ ತಿಂದಿತು ಎಂದು ಹೇಳಿದರೆ ಚಿಕಿತ್ಸೆ ಸುಲಭವಾಗುತ್ತದೆ. ತಿಂದ ಪದಾರ್ಥದ ಕವರ್ ಉಳಿದಿದ್ದರೆ ಜೊತೆಗೆ ಒಯ್ಯಬೇಕು.

ಬ್ರೆಡ್ ಹಾಕುವ ಕೈ ದಯೆಯ ಕೈಯೇ. ಮುಂದಿನ ಬಾರಿ ಅಂಗಡಿಯ ಮುಂದೆ ನಿಂತಾಗ ಈ ಬನ್ನಿನಲ್ಲಿ ಏನಿದೆ, ಇದನ್ನು ತಿನ್ನುವ ಜೀವಕ್ಕೆ ಇದು ಒಗ್ಗುತ್ತದೆಯೇ ಎಂದು ಒಂದು ಕ್ಷಣ ಕೇಳಿಕೊಂಡರೆ ಆ ದಯೆ ಪೂರ್ಣವಾಗುತ್ತದೆ.

ಜೈ ಜಿನೇಂದ್ರ.